ಉತ್ತರ ಗಾಜಿನ ಪೆಟ್ಟಿಗೆಯಲ್ಲಿರಲಿ

ಮ್ಯೂಸಿಯಂಗಳಲ್ಲಿ ಮಕ್ಕಳಿಗೆ ಮೊಬೈಲ್ ಗೇಮ್ ಮೂಲಕ ಕಲಿಸಬಹುದು ಅಂತ ಬರೆದಿದ್ದೀರಿ. ಖಂಡಿತ ಆಗಬೇಕು. ಆದರೆ ಪ್ರಶ್ನೆ ಮಾತ್ರ ಫೋನಿನಲ್ಲಿರಲಿ, ಉತ್ತರ ಗಾಜಿನ ಪೆಟ್ಟಿಗೆಯಲ್ಲಿರಲಿ.

ನಮ್ಮ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂನಲ್ಲಿ ಊರ ಪಕ್ಕದ ಸಂಗನಕಲ್ಲಿನಲ್ಲಿ ಸಿಕ್ಕ ನವಶಿಲಾಯುಗದ ಕಲ್ಲಿನ ಉಪಕರಣಗಳಿವೆ. ಮಕ್ಕಳು ಸಾಲಾಗಿ ಬರುತ್ತಾರೆ, ಕಲ್ಲು ಅಂದುಕೊಂಡು ಸುಮ್ನೆ ಮುಂದೆ ಹೋಗುತ್ತಾರೆ. ಅದೇ ಗೇಮ್ "ಉಜ್ಜಿ ನುಣುಪು ಮಾಡಿದ ಕೊಡಲಿ ಯಾವುದು, ಅರ್ಧಕ್ಕೇ ಬಿಟ್ಟಿದ್ದು ಯಾವುದು?" ಅಂತ ಕೇಳಿದರೆ ಬಗ್ಗಿ ನೋಡಲೇಬೇಕು. ಒಂದರ ಮೈತುಂಬ ಚಕ್ಕೆ ಎದ್ದ ಗುರುತು, ಇನ್ನೊಂದರ ಅಂಚು ನಯವಾಗಿ ಮಿರುಗುತ್ತದೆ. ಇದರ ಹಿಂದೆ ಎಷ್ಟು ಕೈಕೆಲಸ ಇದೆ ಅಂತ ಯಾರೂ ಹೇಳದೆಯೇ ಗೊತ್ತಾಗುತ್ತದೆ, ಅಲ್ವಾ?

ಫೋನಿನಿಂದಲೇ ಆಗುವ ಕೆಲಸವೂ ಒಂದಿದೆ. ಹತ್ತಿರದ ಕಪಗಲ್ಲು ಗುಡ್ಡದಲ್ಲಿ ಕೆಲವು ಬಂಡೆಗಳು ತಟ್ಟಿದರೆ ಗಂಟೆಯಂತೆ ದನಿ ಕೊಡುತ್ತವೆ. ಅಲ್ಲಿ ಬಂಡೆಯ ಮೇಲೆ ಕುಟ್ಟಿ ಮೂಡಿಸಿದ ಹಳೆಯ ಚಿತ್ರಗಳಿವೆ, ಉದ್ದ ಕೊಂಬಿನ ದನಗಳೇ ಜಾಸ್ತಿ. ಮಕ್ಕಳು ಹೋಗಿ ಬಂಡೆ ತಟ್ಟುವುದು ಬೇಡ. ಆ ಸದ್ದು ರೆಕಾರ್ಡ್ ಮಾಡಿ ಗೇಮ್‌ಗೆ ಹಾಕಿ.

ಮತ್ತೆ, ಮೂರು ನಾಲ್ಕು ಮಕ್ಕಳು ಸೇರಿ ಒಂದೇ ಫೋನಿನಲ್ಲಿ ಆಡುವಂತಿರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ತಲಾ ಒಂದು ಎಲ್ಲಿಂದ ತರುವುದು? ಕನ್ನಡದಲ್ಲಿರಬೇಕು, ನೆಟ್ ಇಲ್ಲದಿದ್ದರೂ ನಡೆಯಬೇಕು.