400 ಸಿ.ಡಿ., ಒಂದು ರಬ್ಬರ್ ಬೆಲ್ಟು

ಸಿ.ಡಿ. ಮತ್ತೆ ಬಂದಿದೆಯಂತೆ. ಹೋದಾಗ ಯಾರೂ ಹೇಳಿ ಹೋಗಲಿಲ್ಲ, ಬಂದದ್ದನ್ನು ಮಾತ್ರ ವರ್ಷ ವರ್ಷವೂ ಹೊಸ ಸುದ್ದಿಯೆಂಬಂತೆ ಹೇಳುತ್ತಾರೆ. ಜೊತೆಗೆ ಅದೇ ಫೋಟೊ: ಹರೆಯದ ಹುಡುಗಿಯೊಬ್ಬಳು ಬೆಳ್ಳಿ ಬಣ್ಣದ ಡಿಸ್ಕನ್ನು ಬೆರಳ ತುದಿಯಲ್ಲಿ ಹಿಡಿದು ನಗುತ್ತಿರುತ್ತಾಳೆ. ಆ ನಗು ನೋಡಿದರೇ ಗೊತ್ತಾಗುತ್ತದೆ, ಹಲವು ಡಿಸ್ಕ್ ತುಂಬಿಟ್ಟರೆ ಒಂದಾದ ಮೇಲೊಂದನ್ನು ತಾನೇ ಬದಲಿಸಿ ಹಾಡಿಸುವ ಸಿ.ಡಿ. ಚೇಂಜರ್ ಅವಳ ಮನೆಯಲ್ಲಿ ಇಲ್ಲ.

ಇದ್ದವರು ನಗುವುದಿಲ್ಲ, ಆಲಿಸುತ್ತಾರೆ. ಹಾಡನ್ನಲ್ಲ, ಯಂತ್ರದ ಹೊಟ್ಟೆಯೊಳಗಿನ ಸದ್ದನ್ನು. ಝುಂಯ್, ಟಕ್, ಗರ್ರ್, ಟಕ್. ಎರಡು ಟಕ್ ಕೇಳಿದರೆ ಡಿಸ್ಕ್ ಸಿಕ್ಕಿದೆ ಅಂತ ಅರ್ಥ. ಮೂರು ಕೇಳಿದರೆ ಇನ್ನೂ ಹುಡುಕುತ್ತಿದೆ. ನಾಲ್ಕನೆಯದೂ ಕೇಳಿದರೆ ಡಿಸ್ಕ್ ಜಾರಿ ಒಳಗೆಲ್ಲೋ ಬಿದ್ದಿದೆ, ಸ್ಕ್ರೂಡ್ರೈವರ್ ಎಲ್ಲಿಟ್ಟಿದ್ದೀರಿ ನೆನಪು ಮಾಡಿಕೊಳ್ಳಿ. ಕೊನೆಗೆ ಪರದೆಯ ಮೇಲೆ ‘ನೋ ಡಿಸ್ಕ್’ ಅಂತ ಬರುತ್ತದೆ. ನಾವೇ ಕೈಯಾರೆ ಇಟ್ಟ ಐದು ಡಿಸ್ಕ್ ಗಾಜಿನಾಚೆ ಕಾಣುತ್ತಿವೆ. ಇಲ್ಲ ಅನ್ನುತ್ತದೆ. ಅದರ ಆತ್ಮವಿಶ್ವಾಸದಲ್ಲಿ ಕಾಲು ಭಾಗ ನಮಗಿದ್ದಿದ್ದರೆ ನಾವು ಬಾಳಿನಲ್ಲಿ ಎಲ್ಲೋ ಇರುತ್ತಿದ್ದೆವು.

ಇಂಥದ್ದನ್ನು ಈಗ ಕೊಳ್ಳಬೇಕೆಂದರೆ ಬಹುಪಾಲು ಸೆಕೆಂಡ್ ಹ್ಯಾಂಡೇ ಗತಿ. ಮಾರುವವರು ಸತ್ಯವಂತರು, ಅವರ ಬಾಯಲ್ಲಿ ಸುಳ್ಳು ಬರುವುದಿಲ್ಲ. ‘ಆನ್ ಆಗುತ್ತೆ’ ಅನ್ನುತ್ತಾರೆ. ಆಗುತ್ತದೆ. ಆನ್ ಆದದ್ದೆಲ್ಲ ಹಾಡಲೇಬೇಕು ಅಂತ ಅವರೇನು ಬರೆದುಕೊಟ್ಟಿಲ್ಲವಲ್ಲ. ‘ಟೆಸ್ಟ್ ಮಾಡಿಲ್ಲ, ಮನೆಯಲ್ಲಿ ಸಿ.ಡಿ. ಇರಲಿಲ್ಲ’ ಅನ್ನುತ್ತಾರೆ. ಐದು ಡಿಸ್ಕ್ ಹಿಡಿಯುವ ಯಂತ್ರವನ್ನು ವರ್ಷಗಟ್ಟಲೆ ಇಟ್ಟುಕೊಂಡ ಮನೆಯಲ್ಲಿ ಒಂದೇ ಒಂದು ಡಿಸ್ಕ್ ಇರಲಿಲ್ಲ! ನಂಬೋಣ. ಆ ಐದೂ ಯಂತ್ರದೊಳಗೇ ಸಿಕ್ಕಿಕೊಂಡಿರುವ ಸಾಧ್ಯತೆಯೂ ಇದೆ. ಇನ್ನು ‘ರಿಮೋಟ್ ಇಲ್ಲ, ಅದು ಬೇಕಾಗೋದೂ ಇಲ್ಲ’ ಅನ್ನುವವರಿಗೆ ವಿಶೇಷ ನಮಸ್ಕಾರ. ಎಷ್ಟೋ ಮಾಡೆಲ್‌ಗಳಲ್ಲಿ ಹಾಡಿನ ನಂಬರ್ ಒತ್ತುವ ಗುಂಡಿಗಳು ಇರುವುದೇ ರಿಮೋಟಿನಲ್ಲಿ. ಅದಿಲ್ಲದೆ ಮೂರನೇ ಡಿಸ್ಕಿನ ಹದಿನಾಲ್ಕನೇ ಹಾಡು ಬೇಕೆಂದರೆ ‘ನೆಕ್ಸ್ಟ್’ ಗುಂಡಿಯನ್ನು ಹದಿಮೂರು ಸಲ ಒತ್ತಬೇಕು. ಹನ್ನೆರಡನೇ ಸಲಕ್ಕೆ ಕೈ ತಪ್ಪಿ ಪಕ್ಕದ ಗುಂಡಿ ಮುಟ್ಟಿದರೆ ಟ್ರೇ ಆಚೆ ಬಂದು ನಾಲಿಗೆ ಚಾಚುತ್ತದೆ.

ಇದೆಲ್ಲ ಶುರುವಾದದ್ದು ಕೂತಲ್ಲಿಂದ ಏಳಬಾರದು ಅನ್ನುವ ಘನ ಉದ್ದೇಶದಿಂದ. ಎಲ್‌ಪಿ ಕಾಲದಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷಕ್ಕೊಮ್ಮೆ ಎದ್ದು ತಟ್ಟೆ ಮಗುಚಬೇಕಿತ್ತು. 1982ರಲ್ಲಿ ಸೋನಿಯ ಮೊದಲ ಸಿ.ಡಿ. ಪ್ಲೇಯರ್ ಬಂತು, ಒಂದು ಡಿಸ್ಕಿಗೆ 74 ನಿಮಿಷ. ಬೀಥೋವನ್‌ನ ಒಂಬತ್ತನೇ ಸಿಂಫನಿ ಇಡಿಯಾಗಿ ಹಿಡಿಸಲಿ ಅಂತಲೇ ಡಿಸ್ಕನ್ನು 12 ಸೆಂಟಿಮೀಟರಿಗೆ ಹಿಗ್ಗಿಸಿದರು ಅನ್ನುವ ಕಥೆ ಆಗ ಹುಟ್ಟಿದ್ದು, ಇನ್ನೂ ಸತ್ತಿಲ್ಲ. ಸೋನಿಯ ಜೊತೆ ಸೇರಿ ಸಿ.ಡಿ. ರೂಪಿಸಿದ ಫಿಲಿಪ್ಸ್ ಕಂಪನಿಯಲ್ಲಿದ್ದ ಇಂಜಿನಿಯರ್ ಕೀಸ್ ಇಮ್ಮಿಂಕ್ ಅದನ್ನು ಒಪ್ಪುವುದಿಲ್ಲ. 11.5 ಸೆಂಟಿಮೀಟರ್ ಡಿಸ್ಕಿಗೆ ಫಿಲಿಪ್ಸ್ ಪಾಳಯ ಆಗಲೇ ಸಜ್ಜಾಗಿತ್ತು, ಆ ಮುನ್ನಡೆ ತಪ್ಪಿಸುವುದು ಸೋನಿಗೆ ಬೇಕಿತ್ತು ಅನ್ನುವುದು ಅವರ ವಾದ. ಇರಲಿ. ಸಿಂಫನಿಗಾಗಿ ಹಿಗ್ಗಿದ್ದೋ ವ್ಯಾಪಾರಕ್ಕಾಗಿ ಹಿಗ್ಗಿದ್ದೋ, ಅದೇ ಸಿಂಫನಿಯನ್ನು ಚೇಂಜರಿಗೆ ಹಾಕಿ ‘ಷಫಲ್’ ಒತ್ತಿ ನೋಡಿ. ಮೂರನೇ ಭಾಗ ಮೊದಲು, ಆಮೇಲೆ ಯಾರದೋ ಡಿಸ್ಕೊ, ಆಮೇಲೆ ಮಕ್ಕಳ ಪ್ರಾಸಗೀತೆ, ನಡುವೆ ಡಿಸ್ಕ್ ಬದಲಾಗುವ ಝುಂಯ್ ಟಕ್ ಗರ್ರ್, ಕೊನೆಗೆ ಸಿಂಫನಿಯ ಒಂದನೇ ಭಾಗ. ಕೆಲವು ಆಲ್ಬಂಗಳಲ್ಲಿ ಕೊನೆಯ ಹಾಡು ಮುಗಿದ ಮೇಲೆ ಹಲವು ನಿಮಿಷ ಮೌನ ಬಿಟ್ಟು ಒಂದು ಗುಪ್ತ ಹಾಡನ್ನು ಅಡಗಿಸಿಡುವ ಚಪಲವಿತ್ತು. ಷಫಲ್ ಆ ಟ್ರ್ಯಾಕನ್ನೇ ಹುಡುಕಿ ತೆಗೆದು ನಮಗೆ ಮೌನವನ್ನು ಬಡಿಸುತ್ತದೆ. ಕೆಟ್ಟಿದೆಯೋ, ಕಲೆಯೋ? ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದ ಮೇಲೆ ಗೊತ್ತಾಗುತ್ತದೆ, ಅದು ಕಲೆಯಾಗಿತ್ತು.

74 ನಿಮಿಷಕ್ಕೊಮ್ಮೆ ಏಳುವುದೂ ಶ್ರಮವೇ ಅಂತ ಕಂಪನಿಗಳಿಗೆ ಕನಿಕರ ಹುಟ್ಟಿತು. ಐದು ಡಿಸ್ಕಿನ ತಿರುಗುತಟ್ಟೆ ಬಂತು. ಆರು ಡಿಸ್ಕ್ ತುಂಬಿ ಯಂತ್ರದೊಳಗೆ ತಳ್ಳುವ ಪೆಟ್ಟಿಗೆ, ಅಂದರೆ ಮ್ಯಾಗಜಿನ್, ಬಂತು. ಕೆಲವು ಮ್ಯಾಗಜಿನ್‌ಗೆ ಡಿಸ್ಕನ್ನು ಹೆಸರು ಕೆಳಗೆ ಮಾಡಿ ಕವುಚಿ ಹಾಕಬೇಕು, ಅಲ್ಲಿಗೆ ಒಳಗಿರುವುದು ಯಾವ ಡಿಸ್ಕ್ ಅನ್ನುವ ಸುಳಿವೂ ಹೋಯಿತು. ಕಾರಿಗೂ ಚೇಂಜರ್ ಬಂತು, ಅದನ್ನಿಟ್ಟದ್ದು ಡಿಕ್ಕಿಯಲ್ಲಿ. ಸಂಗೀತ ಕೇಳುವವನು ಮುಂದೆ, ಡಿಸ್ಕು ಹಿಂದೆ. ಹೊಸ ಡಿಸ್ಕ್ ಹಾಕಬೇಕೆಂದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಳಿದು, ಡಿಕ್ಕಿ ತೆಗೆದು, ಸಾಮಾನು ಸರಿಸಿ, ಮ್ಯಾಗಜಿನ್ ಎಳೆದು, ತುಂಬಿ, ತಳ್ಳಿ, ಮುಚ್ಚಿ, ಹತ್ತಿ ಕೂರಬೇಕು. ಕೂತಲ್ಲಿಂದ ಏಳಬಾರದು ಅನ್ನುವ ಉದ್ದೇಶ ಇಷ್ಟು ಚೆನ್ನಾಗಿ ಈಡೇರಿದ್ದು ಬೇರೆ ಯಾವ ಯಂತ್ರದಲ್ಲೂ ನಾನು ಕಂಡಿಲ್ಲ.

ಆಮೇಲೆ ಶುರುವಾಯಿತು ಸಂಖ್ಯೆಯ ಹುಚ್ಚು. ಸೋನಿ 200 ಡಿಸ್ಕಿನದು ಮಾಡಿತು, 300ರದು ಮಾಡಿತು, 400ಕ್ಕೂ ಹೋಯಿತು. ಪಯೋನಿಯರ್ 301 ಡಿಸ್ಕಿನದನ್ನು ಮಾಡಿತು. ಆ 301ರ ಒಗಟು ಗೊತ್ತೇ? ಮುನ್ನೂರು ಡಿಸ್ಕ್ ಸಂಗ್ರಹಕ್ಕೆ, ಇನ್ನೊಂದು ಜಾಗ ಈಗಿಂದೀಗ ಹಾಕಿ ಕೇಳಬೇಕಾದ ಒಂಟಿ ಡಿಸ್ಕಿಗೆ. ಅಂದರೆ ಮಾಡಿದವರಿಗೇ ಗೊತ್ತಿತ್ತು, ಮುನ್ನೂರು ತುಂಬಿಕೊಂಡವನಿಗೆ ಬೇಕಾಗುವುದು ಒಂದೇ, ಅದೂ ಹೊರಗಿರುವುದು!

400 ಡಿಸ್ಕನ್ನು 74 ನಿಮಿಷದಿಂದ ಗುಣಿಸಿ. ಹಗಲು ರಾತ್ರಿ ಬಿಡದೆ ಹಾಡಿದರೆ ಇಪ್ಪತ್ತು ದಿನ ದಾಟುತ್ತದೆ. ಇಪ್ಪತ್ತು ದಿನ ಕುರ್ಚಿಯಿಂದ ಏಳದೆ ಸಂಗೀತ ಕೇಳುವ ರಸಿಕನನ್ನು ಆ ವಿನ್ಯಾಸಕಾರರು ಎಲ್ಲಿ ಕಂಡಿದ್ದರೋ. ಅವನಿಗೆ ಬೇಕಾದದ್ದು ಚೇಂಜರಲ್ಲ, ವೈದ್ಯರು.

ಮಹಾಯಂತ್ರ ಮನೆಗೆ ಬಂದ ದಿನದಿಂದ ಮನೆಯ ಯಜಮಾನ ಅದರ ಗುಮಾಸ್ತ. ಏಕೆಂದರೆ 400 ಡಿಸ್ಕ್ ನುಂಗಿದ ಯಂತ್ರಕ್ಕೆ ಒಂದರ ಹೆಸರೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಖಾನೆ ನಂಬರ್. 237 ಅಂದರೆ 237. ಡಿಸ್ಕಿನಲ್ಲೇ ಹೆಸರು ಬರೆದಿಡುವ ಸಿ.ಡಿ.-ಟೆಕ್ಸ್ಟ್ ಅನ್ನುವ ಏರ್ಪಾಡು 1996ರಲ್ಲಿ ಬಂತು, ಆದರೆ ನಿಮ್ಮ ಬಳಿ ಇರುವ ಡಿಸ್ಕುಗಳಲ್ಲಿ ಬಹುತೇಕ ಅದು ಇರುವುದಿಲ್ಲ. ಆಗ ನೀವೇ ಹೆಸರು ತುಂಬಬೇಕು. ಹೇಗೆ? ಒಂದು ಗುಂಡು ತಿರುಪನ್ನು ತಿರುಗಿಸಿ ಎ, ಬಿ, ಸಿ, ಡಿ ಅಂತ ಒಂದೊಂದೇ ಅಕ್ಷರಕ್ಕೆ ಹೋಗಿ ಒತ್ತುತ್ತಾ. ಒಂದು ಅಕ್ಷರ ದಾಟಿ ಹೋದಿರಾ? ಹಿಂದಕ್ಕೆ ಬನ್ನಿ. ಕೆಲವು ಮಾಡೆಲ್‌ಗಳಿಗೆ ಕಂಪ್ಯೂಟರ್ ಕೀಬೋರ್ಡನ್ನೇ ಸಿಕ್ಕಿಸುವ ತೂತು ಕೊಟ್ಟಿದ್ದರು. ಹಾಡು ಕೇಳಲು ಟೈಪಿಂಗ್ ಕಲಿಯಬೇಕಾಗಿ ಬಂದದ್ದು ಹೀಗೆ. ಇಷ್ಟೆಲ್ಲ ಆದ ಮೇಲೂ ಮನೆಮಂದಿ ನೆಚ್ಚುವುದು ಯಂತ್ರದ ಪಕ್ಕದಲ್ಲಿ ಇಟ್ಟಿರುವ ನೋಟ್‌ಬುಕ್ಕನ್ನೇ. ಅದರಲ್ಲಿ 237ರ ಎದುರು ಪೆನ್ಸಿಲ್ಲಿನಲ್ಲಿ ಬರೆದಿರುವುದು ಬೇರೆ, ಒಳಗಿರುವುದು ಬೇರೆ. ಯಾರೋ ಒಂದು ದಿನ ಡಿಸ್ಕ್ ಎರವಲು ತೆಗೆದುಕೊಂಡು ಹೋಗಿ, ವಾಪಸ್ ತಂದಾಗ ಕಂಡ ಖಾನೆಗೆ ಸೇರಿಸಿದ್ದಾರೆ.

ಜಾಗ ಉಳಿಯುತ್ತದೆ ಅಂತ ಬೇರೆ ಹೇಳಿದ್ದರು. ಡಿಸ್ಕ್ ಯಂತ್ರದೊಳಗೆ ಹೋಯಿತು, ಪ್ಲಾಸ್ಟಿಕ್ ಡಬ್ಬಿ ಎಲ್ಲಿಗೆ ಹೋಗಬೇಕು? 400 ಖಾಲಿ ಡಬ್ಬಿಗಳು ಮೊದಲಿದ್ದ ಕಪಾಟಿನಲ್ಲೇ ಇವೆ, ಅವುಗಳ ಪಕ್ಕದಲ್ಲಿ ಹೊಸದಾಗಿ ಯಂತ್ರ.

ಸಿ.ಡಿ. ಭಕ್ತರ ಪೆನ್ನಿನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಡಿಸ್ಕಿನ ಅಂಚಿಗೆ ಹಸಿರು ಮಾರ್ಕರ್ ಬಳಿದರೆ ಧ್ವನಿ ಸುಧಾರಿಸುತ್ತದೆ ಅಂತ ಒಂದು ಪಂಥವಿತ್ತು. ಒಳಗೆ ಚದುರುವ ಲೇಸರ್ ಬೆಳಕನ್ನು ಹಸಿರು ಹೀರಿಕೊಳ್ಳುತ್ತದಂತೆ. ಸಿ.ಡಿ. ಓದುವ ಲೇಸರ್ ಕಣ್ಣಿಗೆ ಕಾಣದ ಅವಕೆಂಪು, ಸುಮಾರು 780 ನ್ಯಾನೊಮೀಟರ್. ಅದಕ್ಕೆ ನಿಮ್ಮ ಹಸಿರಿನ ಹಂಗಿಲ್ಲ. ಇನ್ನೊಂದು ಪಂಥ ಸಿ.ಡಿ.ಯ ಕಾಂತತೆ ತೆಗೆಯುವ ಉಪಕರಣ ಮಾರುತ್ತಿತ್ತು. ಡಿಸ್ಕಿನಲ್ಲಿರುವುದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕು ಮತ್ತು ಚೂರು ಅಲ್ಯೂಮಿನಿಯಂ, ಕಾಂತಕ್ಕೆ ಅಂಟುವಂಥದ್ದು ಅದರಲ್ಲಿ ಏನಿತ್ತೋ. ಆದರೂ ಕೊಂಡವರು ‘ವ್ಯತ್ಯಾಸ ಕೇಳಿಸುತ್ತಿದೆ’ ಅಂದರು. ದುಡ್ಡು ಕೊಟ್ಟ ಮೇಲೆ ಕೇಳಿಸಲೇಬೇಕಲ್ಲ. ಇದೇ ಭಕ್ತರು ಹೊಳೆಯುವ ಬದಿಯನ್ನು ರೇಷ್ಮೆಯಲ್ಲಿ ಒರೆಸಿ, ಹೆಸರಿರುವ ಬದಿಯ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯುತ್ತಾರೆ. ಸಂಗೀತ ಇರುವುದು ಹೆಸರಿನ ಬದಿಯ ಸಮೀಪದಲ್ಲೇ, ತೆಳ್ಳಗಿನ ಮೆರುಗೆಣ್ಣೆಯ ಕೆಳಗೆ. ಹೊಳೆಯುವ ಬದಿಗೆ ಒಂದು ಮಿಲಿಮೀಟರಿಗೂ ಮೀರಿದ ಪ್ಲಾಸ್ಟಿಕ್ ಕವಚವಿದೆ, ಅಲ್ಲಿನ ಗೀರನ್ನು ಉಜ್ಜಿ ತೆಗೆಯಬಹುದು. ಇಲ್ಲಿ ಗೀರಿದರೆ ಹಾಡೇ ಕಿತ್ತು ಬರುತ್ತದೆ.

ಪೆನ್ನಿಗೆ ನಿಜವಾದ ಮಹಿಮೆ ಬಂದದ್ದು 2002ರಲ್ಲಿ. ನಕಲು ಮಾಡದಂತೆ ಬೀಗ ಹಾಕಿದ ಡಿಸ್ಕುಗಳನ್ನು ಕಂಪನಿಗಳು ಹೊರತಂದಿದ್ದವು. ಅಂಚಿನ ಬಳಿಯ ಪಟ್ಟಿಗೆ ಸಾದಾ ಮಾರ್ಕರ್ ಬಳಿದರೆ ಕೆಲವು ಬೀಗಗಳು ಕಳಚಿಕೊಳ್ಳುತ್ತವೆ ಅಂತ ಯಾರೋ ಕಂಡುಹಿಡಿದರು. ಎಷ್ಟು ತಲೆಗಳು ಕೂಡಿ ಹೆಣೆದ ಕೋಟೆ ಒಂದು ಮಾರ್ಕರಿಗೆ ಬಿತ್ತು. ಆ ಬೀಗದ ಡಿಸ್ಕುಗಳು ಎಷ್ಟೋ ಪ್ಲೇಯರ್‌ಗಳಲ್ಲಿ ತೊದಲುತ್ತಿದ್ದವು. ಇವಕ್ಕೆ ಕಾಂಪ್ಯಾಕ್ಟ್ ಡಿಸ್ಕ್ ಅನ್ನುವ ಮುದ್ರೆ ಹಾಕಬೇಡಿ ಅಂತ ಫಿಲಿಪ್ಸೇ ತಕರಾರು ಎತ್ತಿತ್ತು. 2005ರಲ್ಲಂತೂ ಸೋನಿ ಬಿ.ಎಂ.ಜಿ. ಅನ್ನುವ ಸಂಗೀತ ಕಂಪನಿ ಇನ್ನೂ ಮುಂದೆ ಹೋಯಿತು. ದುಡ್ಡು ಕೊಟ್ಟು ತಂದ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ಗುಟ್ಟಾಗಿ ಒಂದು ಸಾಫ್ಟ್‌ವೇರ್ ಇಳಿಸಿ ತನ್ನನ್ನು ತಾನೇ ಬಚ್ಚಿಟ್ಟುಕೊಳ್ಳುತ್ತಿತ್ತು. ಮಾರ್ಕ್ ರಸಿನೊವಿಚ್ ಅನ್ನುವ ತಜ್ಞ ತನ್ನ ಕಂಪ್ಯೂಟರಿನಲ್ಲಿ ಅದನ್ನು ಕಂಡು ಬಯಲು ಮಾಡಿದ ಮೇಲೆ, ಗದ್ದಲವೆದ್ದ ಮೇಲೆ, ಡಿಸ್ಕುಗಳನ್ನು ವಾಪಸ್ ಕರೆಸಿಕೊಂಡರು. ಕದ್ದು ಕೇಳಿದವನ ಕಂಪ್ಯೂಟರಿಗೆ ಏನೂ ಆಗಲಿಲ್ಲ. ಅಂಗಡಿಗೆ ಹೋಗಿ ರಸೀತಿ ಪಡೆದವನ ಮನೆಗೆ ನುಗ್ಗಿದರು. ಇದರಲ್ಲಿ ನಗುವಂಥದ್ದು ಏನೂ ಇಲ್ಲ.

ಚೇಂಜರಿಗೆ ಆ ಸಾಫ್ಟ್‌ವೇರ್ ತಗುಲಲಿಲ್ಲ, ಅಷ್ಟು ಪುಣ್ಯ. ಅದರ ಮೃತ್ಯು ಬೇರೆ ಕಡೆ ಕಾದು ಕೂತಿತ್ತು.

ಈ ಯಂತ್ರ ಏನೇನು ಮಾಡುತ್ತದೆ ನೋಡಿ. ಡಿಸ್ಕಿನ ಮೇಲೆ ಸುರುಳಿ ಸುತ್ತಿದ ಹಾದಿ ಬಿಡಿಸಿದರೆ ಐದು ಕಿಲೋಮೀಟರ್ ಉದ್ದ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ 1.6 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಒಳಸುತ್ತಿನಲ್ಲಿ ನಿಮಿಷಕ್ಕೆ ಸುಮಾರು 500 ಸಲ ತಿರುಗುವ ಡಿಸ್ಕು ಹೊರಸುತ್ತಿಗೆ ಬರುವಾಗ 200ಕ್ಕೆ ಇಳಿಯುತ್ತದೆ. ಲೇಸರ್ ಆ ಹಾದಿ ತಪ್ಪದೆ ಓಡುತ್ತದೆ. ಗೀರಿನಲ್ಲಿ ಕಳೆದುಹೋದ ಅಂಕಿಗಳನ್ನು ರೀಡ್–ಸಾಲಮನ್ ಕೋಡ್ ಲೆಕ್ಕ ಹಾಕಿ ತುಂಬುತ್ತದೆ. ಅದೇ ಬಗೆಯ ಕೋಡನ್ನು ನೆಚ್ಚಿಕೊಂಡೇ ವಾಯೇಜರ್ 2 ನೌಕೆ 1986ರಲ್ಲಿ ಯುರೇನಸ್‌ನಿಂದ ಚಿತ್ರ ಕಳಿಸಿತು. ಇಂಥ ಯಂತ್ರದ ಟ್ರೇಯನ್ನು ಆಚೆ ತಳ್ಳುವ ಕೆಲಸವನ್ನು ಯಾರಿಗೆ ಒಪ್ಪಿಸಿದ್ದಾರೆ? ಒಂದು ರಬ್ಬರ್ ಬೆಲ್ಟಿಗೆ. ಕೆಲವು ವರ್ಷಕ್ಕೆ ಅದು ಹಿಗ್ಗಿ ಜಾರುತ್ತದೆ. ಯುರೇನಸ್ ಮುಟ್ಟಿದ ಗಣಿತ ಟ್ರೇ ಬಾಗಿಲಲ್ಲಿ ನಿಂತುಬಿಡುತ್ತದೆ, ಐದು ಡಿಸ್ಕನ್ನು ಹೊಟ್ಟೆಯಲ್ಲಿಟ್ಟುಕೊಂಡು.

ಹಿಂಬದಿಯ ಚೀಟಿ ಓದಿ: ಒಳಗೆ ಬಳಕೆದಾರರು ದುರಸ್ತಿ ಮಾಡುವಂಥ ಭಾಗಗಳಿಲ್ಲ. ಸರಿ, ದುರಸ್ತಿ ಮಾಡುವವರ ಬಳಿಗೇ ಹೊತ್ತುಕೊಂಡು ಹೋದರೆ ಅವರು ಮುಚ್ಚಳವನ್ನೂ ತೆಗೆಯದೆ ‘ಈ ಮಾಡೆಲ್ ನಿಂತುಹೋಗಿದೆ, ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ’ ಅನ್ನುತ್ತಾರೆ. ಯಾವ ಹೊಸದು? ಮಾಡುವುದನ್ನೇ ನಿಲ್ಲಿಸಿದವರು ಯಾವ ಹೊಸದನ್ನು ಕೊಡುತ್ತಾರೆ? ಕೇಳಿದ್ದು ಲೇಸರಲ್ಲ, ಚಿಪ್ಪಲ್ಲ, ರಬ್ಬರಿನ ಒಂದು ಬಳೆ. ಅದನ್ನು ಇಂತಿಷ್ಟು ವರ್ಷ ಮಾರುತ್ತೇವೆ ಅಂತಲಾದರೂ, ಅದೂ ಆಗದಿದ್ದರೆ ಅದರ ಅಳತೆ ಇಷ್ಟು ಅಂತಲಾದರೂ ಒಂದು ಸಾಲು ಅಚ್ಚು ಹಾಕಲು ಏನು ಕಷ್ಟವಿತ್ತು? 400 ಡಿಸ್ಕ್ ಹಿಡಿಸುತ್ತದೆ ಅಂತ ಡಬ್ಬದ ಮೇಲೆ ಅಷ್ಟು ದಪ್ಪಕ್ಕೆ ಅಚ್ಚು ಹಾಕಲು ಶಾಯಿ ಇತ್ತಲ್ಲ. ಯಂತ್ರ ಕೆಟ್ಟಿಲ್ಲ, ಕೈಬಿಡಲಾಗಿದೆ. ಸಾಕಾಗಿದೆ ನನಗೆ.

ಮುಚ್ಚಳ ತೆಗೆಯುವ ಧೈರ್ಯ ಮಾಡುವವರಿಗೆ ಇಷ್ಟು ಹೇಳಬಲ್ಲೆ. ಮೊದಲು ಪ್ಲಗ್ ಕೀಳಿ. ಸರ್ವಿಸ್ ಮ್ಯಾನ್ಯುಯಲ್ ಸಿಕ್ಕರೂ ಅದರಲ್ಲಿ ಸಾಮಾನ್ಯವಾಗಿ ಬೆಲ್ಟಿನ ಪಾರ್ಟ್ ನಂಬರ್ ಇರುತ್ತದೆ, ಸುತ್ತಳತೆ ಇರುವುದಿಲ್ಲ. ಹಳೆಯ ಬೆಲ್ಟನ್ನೇ ಅಳೆದು ಅದೇ ಅಳತೆಯದನ್ನು ತರಬೇಡಿ, ಅದು ಹಿಗ್ಗಿರುವುದರಿಂದಲೇ ಅಲ್ಲವೇ ಈ ಪಾಡು. ಸ್ವಲ್ಪ ಚಿಕ್ಕದು ತನ್ನಿ. ತೀರಾ ಚಿಕ್ಕದು ತಂದರೆ ಬಿಗಿಯಾಗಿ ಮೋಟರ್ ನರಳುತ್ತದೆ. ಎಷ್ಟು ಚಿಕ್ಕದು ಅಂತ ಕಂಪನಿಗೆ ಪತ್ರ ಬರೆದು ಕೇಳಿ, ಅವರು ನಿಮ್ಮ ಮಾಡೆಲ್ ನಂಬರ್ ಕೇಳಿ ಬರೆಯುತ್ತಾರೆ.