ಒಂದಕ್ಷರದ ತಿದ್ದುಪಡಿ

ಯಾವ ತಂತ್ರಾಂಶ ಅಪ್‌ಡೇಟ್ ಆದರೂ ಕೆಳಗೊಂದು ಸಾಲು ಇರುತ್ತದಲ್ಲ, ‘ಸಣ್ಣಪುಟ್ಟ ದೋಷಗಳ ನಿವಾರಣೆ ಹಾಗೂ ಸುಧಾರಣೆ’ ಅಂತ, ಅದನ್ನು ನಾನು ಯಾವತ್ತೂ ಓದುತ್ತಿರಲಿಲ್ಲ. ಈಗ ಓದುತ್ತೇನೆ. ಓದಿ ಒಂದು ಗಳಿಗೆ ಸುಮ್ಮನೆ ಕೂರುತ್ತೇನೆ. ಅಂಥದ್ದೇ ಒಂದು ಸಾಲಿನಡಿ ನನ್ನ ಹತ್ತೊಂಬತ್ತು ದಿನ ಹೂತುಹೋಗಿವೆ.

ಸಿಎಸ್‌ವಿ, ಅಂದರೆ ಅಲ್ಪವಿರಾಮ ಹಾಕಿ ಮಾಹಿತಿಯನ್ನು ಬೇರ್ಪಡಿಸಿದ ಫೈಲುಗಳನ್ನು ಕತ್ತರಿಸಿ ಜೋಡಿಸುವ ಪುಟ್ಟದೊಂದು ಓಪನ್ ಸೋರ್ಸ್ ಕಮ್ಯಾಂಡ್ ನಾನು ದಿನಾ ಬಳಸುವಂಥದ್ದು. ಅಲ್ಪವಿರಾಮ ಇರಬೇಕಾದ ಕಡೆ ಬೇರೇನೋ ಸಿಕ್ಕರೆ ಅದು ಎರರ್ ಕಾರಿ ನಿಂತುಬಿಡುತ್ತದೆ. ಆ ಎರರ್ ಸಂದೇಶದಲ್ಲಿ ‘ಸೆಪರೇಟರ್’ ಪದದ ಸ್ಪೆಲಿಂಗ್ ತಪ್ಪು. ‘ಪಿ’ ಆದಮೇಲೆ ‘ಎ’ ಬರಬೇಕಾದ ಜಾಗದಲ್ಲಿ ‘ಇ’ ಬಂದು ಕೂತಿದೆ. ಎರಡು ವರ್ಷ ಕಂಡೂ ಕಾಣದವನಂತೆ ಇದ್ದೆ. ಒಂದು ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಕೋಡ್ ತೆರೆದೇ ಇದೆ, ಯಾರು ಬೇಕಾದರೂ ತಿದ್ದಿ ಕಳಿಸಬಹುದು ಅಂದಮೇಲೆ ಸುಮ್ಮನಿದ್ದರೆ ಪಾಪದಲ್ಲಿ ನನಗೂ ಪಾಲು ಬರುವುದಿಲ್ಲವೆ?

“ಹತ್ತು ನಿಮಿಷ, ಬಂದೆ” ಎಂದು ಹೆಂಡತಿಗೆ ಹೇಳಿ ಲ್ಯಾಪ್‌ಟಾಪ್ ತೆರೆದೆ.

ಫೋರ್ಕ್ ಮಾಡಿ, ಕ್ಲೋನ್ ಮಾಡಿ ಕೋಡಿನ ನನ್ನದೊಂದು ಪ್ರತಿ ಇಳಿಸಿಕೊಂಡೆ, ‘ಇ’ ಅಳಿಸಿ ‘ಎ’ ಹಾಕಿದೆ. ಸೇವ್, ಕಮಿಟ್, ಪುಶ್. ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂದು ಕೋರುವ ಪುಲ್ ರಿಕ್ವೆಸ್ಟ್‌ಗೆ ‘ಸ್ಪೆಲಿಂಗ್ ತಿದ್ದುಪಡಿ’ ಎಂದು ವಿನಯದಿಂದ ಹೆಸರಿಟ್ಟೆ. ನಿಜಕ್ಕೂ ಎಂಟೇ ನಿಮಿಷ. ಸಂಜೆ ಆ ಕೋಡನ್ನು ನೋಡಿಕೊಳ್ಳುವ ಮೇಂಟೇನರ್ ಉತ್ತರ ಬಂತು: ‘ಒಂದಕ್ಷರಕ್ಕೆ 417 ಸಾಲು ಬದಲಾಗಿವೆಯಲ್ಲ?’

ಸಾಲಿನ ತುದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುವ ಖಾಲಿ ಸ್ಪೇಸುಗಳನ್ನು ಸೇವ್ ಮಾಡುವಾಗ ಗುಡಿಸಿಹಾಕುವ ಒಳ್ಳೆಯ ಅಭ್ಯಾಸ ನನ್ನ ಎಡಿಟರಿಗಿದೆ. ನೆಂಟರ ಮನೆಗೆ ಹೋದವನು ಯಾರೂ ಕೇಳದೆ ಅವರ ಕಪಾಟನ್ನೆಲ್ಲ ಜೋಡಿಸಿಟ್ಟು ಬಂದ ಹಾಗಾಗಿತ್ತು. ತಪ್ಪಾಯಿತೆಂದು ಬರೆದು, ಎಲ್ಲವನ್ನೂ ಹಿಂದಿನಂತೆ ಕೊಳೆಯಾಗಿಟ್ಟು, ಆ ಒಂದೇ ಸಾಲನ್ನು ಮತ್ತೆ ಕಳಿಸಿದೆ.

ಈ ಸಲ, ಬದಲಾವಣೆ ಬಂದಾಗಲೆಲ್ಲ ತಾನಾಗಿ ಓಡುವ ಟೆಸ್ಟ್ ಫೇಲಾಯಿತು. ಎರರ್ ಸಂದೇಶ ಅಕ್ಷರಶಃ ಹೀಗೇ ಬರಬೇಕು ಎಂದು ನೋಡುವ ಟೆಸ್ಟ್ ಒಂದಿತ್ತು, ಅದರಲ್ಲೂ ಅದೇ ‘ಇ’. ಅಂದರೆ ಇಷ್ಟು ವರ್ಷ, ಪ್ರತಿ ಕಮಿಟ್‌ಗೂ, ತಪ್ಪು ತಪ್ಪಾಗಿಯೇ ಇದೆಯೇ ಎಂದು ನಿಷ್ಠೆಯಿಂದ ಪರೀಕ್ಷಿಸಿ ಹಸಿರು ಟಿಕ್ ಹಾಕಲಾಗುತ್ತಿತ್ತು! ಟೆಸ್ಟನ್ನೂ ತಿದ್ದಿದೆ. ಲಿನಕ್ಸ್ ಹಸಿರು, ಮ್ಯಾಕ್ ಹಸಿರು, ವಿಂಡೋಸ್ ಕೆಂಪು. ‘ಅದು ಆಗಾಗ ಹಾಗೆ ಮಾಡುತ್ತದೆ, ರೀ-ರನ್ ಒತ್ತಿ’ ಅಂದರು. ಒತ್ತಿದೆ. ಹಸಿರಾಯಿತು. ಯಾಕೆ ಕೆಂಪಾಗಿತ್ತು, ಯಾಕೆ ಹಸಿರಾಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಕೊಡುಗೆದಾರರ ಒಪ್ಪಂದ ಬಂತು. ಕಳಿಸಿದ ಕೆಲಸ ನನ್ನ ಸ್ವಂತದ್ದೇ, ಅದರ ಹಕ್ಕು ನನ್ನದೇ, ಬಳಸಿಕೊಳ್ಳಲು ಯೋಜನೆಗೆ ಅನುಮತಿ ಕೊಡುತ್ತಿದ್ದೇನೆ ಎಂದು ಸಹಿ ಹಾಕಬೇಕು. ಇಂಗ್ಲಿಷ್ ವರ್ಣಮಾಲೆಯ ಮೊದಲ ಅಕ್ಷರವನ್ನು ನಾನು ಆ ದಿನ ಕಾನೂನುಬದ್ಧವಾಗಿ ದಾನ ಮಾಡಿದೆ. ನಂತರ, ಏನೇನು ಬದಲಾಯಿತು ಎಂದು ಬರೆದಿಡುವ ಚೇಂಜ್‌ಲಾಗ್‌ಗೆ ಒಂದು ಸಾಲು ಸೇರಿಸಿ ಅಂದರು. ಆ ಫೈಲಿನ ತಲೆಯ ಮೇಲೇ ಎಲ್ಲರೂ ಬರೆಯುವುದರಿಂದ, ನಾನು ಸೇರಿಸಿದಷ್ಟೂ ಸಲ ಇನ್ಯಾರದೋ ಮರ್ಜ್ ಆಗಿ, ಅಂದರೆ ಮೂಲ ಕೋಡಿಗೆ ಸೇರಿಹೋಗಿ, ನನ್ನದು ಅದಕ್ಕೆ ಡಿಕ್ಕಿ ಹೊಡೆದು ಕಾನ್‌ಫ್ಲಿಕ್ಟ್.

“ಆಯ್ತೇನ್ರೀ ನಿಮ್ಮ ಅಕ್ಷರ?” ಎಂದು ಹೆಂಡತಿ ದಿನಾ ರಾತ್ರಿ ವಿಚಾರಿಸತೊಡಗಿದಳು, ಆಸ್ಪತ್ರೆಯಲ್ಲಿರುವ ಬಂಧುವನ್ನು ವಿಚಾರಿಸುವ ದನಿಯಲ್ಲಿ.

ಹದಿನೇಳನೇ ದಿನ ಮರ್ಜ್ ಆಯಿತು. ಅಂದೇ 2.4.1 ಬಿಡುಗಡೆ. ಆವೃತ್ತಿಯ ಮೂರನೇ ಅಂಕೆ ಮಾತ್ರ ಏರಿದರೆ ‘ಹಾಕಿಕೊಳ್ಳಿ, ನಿಮ್ಮದೇನೂ ಮುರಿಯುವುದಿಲ್ಲ’ ಎಂದು ಭಾಷೆ ಕೊಟ್ಟ ಹಾಗೆ. ಮರುದಿನವೇ ದೂರು ಬಂತು: ‘2.4.1 ಹಾಕಿದ ಮೇಲೆ ನಮ್ಮ ರಾತ್ರಿ ಬ್ಯಾಕಪ್ ನಿಂತುಹೋಗಿದೆ.’

ನಾನು ನಕ್ಕೆ. ಸ್ಪೆಲಿಂಗ್ ಸರಿಯಾದರೆ ಬ್ಯಾಕಪ್ ನಿಲ್ಲುತ್ತದೆಯೇ! ಮೇಂಟೇನರ್ ನಗಲಿಲ್ಲ. ಈ ಕ್ಷೇತ್ರದಲ್ಲಿ ತಲೆ ನೆರೆತವರು ದೂರು ಎಷ್ಟೇ ವಿಚಿತ್ರವಾಗಿದ್ದರೂ ನಗುವುದಿಲ್ಲ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಹಿಂದೊಮ್ಮೆ ‘ಓಪನ್ ಆಫೀಸ್ ಮಂಗಳವಾರ ಪ್ರಿಂಟ್ ಮಾಡುವುದಿಲ್ಲ’ ಎಂಬ ದೂರು ಬಂದಿತ್ತು. ಹುಡುಕಿದರೆ ಅದು ನಿಜ. ಪ್ರಿಂಟರಿಗೆ ಹೋಗುವ ಫೈಲಿನಲ್ಲಿ ಅಂದಿನ ದಿನಾಂಕವೂ ಇರುತ್ತದೆ. ಯಾವ ಫೈಲು ಯಾವ ಜಾತಿಯದು ಎಂದು ಗುರುತಿಸುವ ‘ಫೈಲ್’ ಎಂಬ ಇನ್ನೊಂದು ಉಪಕರಣ, ಅದರಲ್ಲಿ ಮಂಗಳವಾರದ ಇಂಗ್ಲಿಷ್ ಹೆಸರಿನ ಮೊದಲ ಮೂರಕ್ಷರ ಕಂಡೊಡನೆ, ಇದು ಅರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಫೈಲು ಎಂದು ತೀರ್ಮಾನಿಸಿಬಿಡುತ್ತಿತ್ತು. ಬುಧವಾರ ಎಲ್ಲ ಸರಿ. ಬುಧವಾರ ಬರುವ ರಿಪೇರಿಯವನ ಪಾಡು ಊಹಿಸಿಕೊಳ್ಳಿ.

ನಮ್ಮ ದೂರುದಾರರ ಸ್ಕ್ರಿಪ್ಟ್‌ನಲ್ಲಿ ಸಿಕ್ಕಿದ್ದು ಒಂದು ಗ್ರೆಪ್, ಅಂದರೆ ಪಠ್ಯದಲ್ಲಿ ಪದ ಹುಡುಕುವ ಕಮ್ಯಾಂಡ್. ಎರರ್ ಸಂದೇಶದಲ್ಲಿ ಆ ತಪ್ಪು ಸ್ಪೆಲಿಂಗ್ ಕಂಡರೆ ‘ಹಾಳು ಫೈಲು, ಬಿಟ್ಟು ಮುಂದೆ ಹೋಗು’ ಎಂದು ಅವರು ಬರೆದುಕೊಂಡಿದ್ದರು. ಸ್ಪೆಲಿಂಗ್ ಸರಿಹೋದ ರಾತ್ರಿ ಸ್ಕ್ರಿಪ್ಟಿಗೆ ಅದರ ಗುರುತೇ ಹತ್ತಲಿಲ್ಲ.

ತಪ್ಪಿಗೂ ವಯಸ್ಸಾದರೆ ಅದನ್ನೇ ನಂಬಿ ಬದುಕುವವರು ಹುಟ್ಟಿಕೊಳ್ಳುತ್ತಾರೆ. ಯಾವ ಪುಟದಿಂದ ಇಲ್ಲಿಗೆ ಬಂದಿರಿ ಎಂದು ಬ್ರೌಸರ್ ಹೇಳುವ ‘ರೆಫರರ್’ ಎಂಬ ಎಚ್‌ಟಿಟಿಪಿ ಹೆಡರ್‌ನಲ್ಲಿ ಒಂದು ‘ಆರ್’ ಕಮ್ಮಿ. ಎಚ್‌ಟಿಟಿಪಿಯನ್ನು ವಿವರಿಸುವ 1996ರ ದಾಖಲೆ ‘ಆರ್‌ಎಫ್‌ಸಿ 1945’ರಲ್ಲಿ ಹಾಗೆಯೇ ಅಚ್ಚಾಗಿ, ಇಂದಿಗೂ ಜಗತ್ತಿನ ಬ್ರೌಸರುಗಳೆಲ್ಲ ತಪ್ಪಾಗಿಯೇ ಬರೆಯುತ್ತವೆ. ಯುನಿಕ್ಸ್‌ನಲ್ಲಿ ಫೈಲು ಹುಟ್ಟಿಸುವ ‘ಕ್ರಿಯೇಟ್’ ಕರೆಗೆ ಕೊನೆಯ ‘ಇ’ ಇಲ್ಲ. ಯುನಿಕ್ಸನ್ನು ಮತ್ತೆ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಎಂದು ಕೇಳಿದಾಗ, ಅದಕ್ಕೊಂದು ‘ಇ’ ಸೇರಿಸುತ್ತೇನೆ ಎಂದಿದ್ದರಂತೆ ಅದನ್ನು ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್. ಅವರಿಗೆ ಒಂದು ‘ಇ’ ಸಾಲದೆ ಬಂತು, ನನಗೆ ಒಂದು ‘ಇ’ ಹೆಚ್ಚಾಯಿತು.

‘ನೀವೇ ರಿವರ್ಟ್ ಮಾಡಿ, ಮೊದಲಿದ್ದಂತೆ ಕಳಿಸಿಬಿಡಿ’ ಅಂದರು ಮೇಂಟೇನರ್. ಕಳಿಸಿದೆ. ಈ ಸಲ ವಿಂಡೋಸ್ ಕೂಡ ಮೊದಲ ಏಟಿಗೇ ಹಸಿರು. ಹತ್ತೊಂಬತ್ತನೇ ದಿನ 2.4.2 ಹೊರಬಂತು. ಚೇಂಜ್‌ಲಾಗ್‌ನಲ್ಲಿ ನನ್ನ ಮಾನ ಕಾಯುವಂತೆ ಒಂದೇ ಸಾಲು: ‘ಸಣ್ಣಪುಟ್ಟ ದೋಷಗಳ ನಿವಾರಣೆ ಹಾಗೂ ಸುಧಾರಣೆ.’

“ಮೊದಲು ಹೇಗಿತ್ತೋ ಹಾಗೇ ಆಯ್ತು ಅನ್ನಿ” ಎಂದಳು ಹೆಂಡತಿ.

ಹಾಗೇನೂ ಆಗಿರಲಿಲ್ಲ. ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್‌ನಲ್ಲಿ ‘ಬ್ಲೇಮ್’ ಎಂಬ ಕಮ್ಯಾಂಡ್ ಇದೆ, ಹೆಸರೇ ಹೇಳುವಂತೆ ಕೆಲಸ. ಯಾವ ಸಾಲನ್ನು ಕೊನೆಯದಾಗಿ ಬರೆದವರು ಯಾರು ಎಂದು ತೋರಿಸುತ್ತದೆ. ಮೊದಲು ತಪ್ಪು ಬರೆದ ಮಹಾನುಭಾವ ಯಾರೋ, ಅವನ ಹೆಸರು ಅಲ್ಲಿಂದ ಮಾಯವಾಗಿದೆ. ‘ಇ’ಯನ್ನು ವಾಪಸ್ ತಂದವನು ನಾನಾದ್ದರಿಂದ, ಆ ಸಾಲಿನ ಎದುರು ಈಗ ಇರುವುದು ನನ್ನ ಹೆಸರು.

ಕಳೆದ ವಾರ ಹೊಸ ಹುಡುಗನೊಬ್ಬ ಬರೆದಿದ್ದ: ‘ಸರ್, ನೀವು ಬರೆದ ಒಂದು ಸಂದೇಶದಲ್ಲಿ ಸ್ಪೆಲಿಂಗ್ ತಪ್ಪಿದೆ. ಬೇಜಾರು ಮಾಡ್ಕೋಬೇಡಿ, ತಿದ್ದಿ ಕಳಿಸಿದ್ದೇನೆ.’

ತೆರೆದು ನೋಡಿದೆ. ಬದಲಾದ ಸಾಲುಗಳು 423.