ಡೇಕೇರ್ ಆಂಟಿ ಮೇಲೆ ಆರೋಪ ಬಂದರೆ ಹೆಸರು ಗುಟ್ಟಾಗಿಡಬೇಕಾ?

ಪರ: ಚಾರ್ಜ್‌ಶೀಟ್ ಆಗುವ ತನಕ ಹೆಸರು ಬೇಡ

ಮಗುವಿನ ಮೇಲೆ ದೌರ್ಜನ್ಯ ಆಗಿದೆ ಅಂತ ದೂರು ಬಂದರೆ ತನಿಖೆ ಆಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ನಾನು ಕೇಳುವುದು ಇಷ್ಟೇ: ಪೊಲೀಸರು ಚಾರ್ಜ್‌ಶೀಟ್ ಹಾಕುವ ತನಕ ಡೇಕೇರ್ ನಡೆಸುವವರ ಹೆಸರು, ಫೋಟೊ, ಮನೆ ವಿಳಾಸ ಟಿವಿಗೂ ಹೋಗಬಾರದು, ವಾಟ್ಸ್ಆ್ಯಪ್ ಗ್ರೂಪಿಗೂ ಹೋಗಬಾರದು.

ನಮ್ಮ ಅತ್ತಿಗೆ ಬೆಂಗಳೂರಿನಲ್ಲಿ ಮನೆಯ ಹಾಲ್‌ನಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬೋರ್ಡೂ ಇರಲಿಲ್ಲ, ಅವರಿವರು ಹೇಳಿ ಬಂದವರೇ ಎಲ್ಲ. ಒಂದು ಸಂಜೆ ಅವರು ಒಂದು ಮಗುವಿನ ಡಯಾಪರ್ ಬದಲಿಸುವಾಗ, ಬೇರೆ ಮಗುವನ್ನು ಕರೆದೊಯ್ಯಲು ಬಂದ ತಾಯಿ ಬಾಗಿಲಲ್ಲಿ ನಿಂತಿದ್ದರು. ಮಗುವಿನ ಸೊಂಟದ ಕೆಳಗೆ ಬೂದು ನೀಲಿ ಕಲೆ ಕಂಡಿತು. ರಾತ್ರಿ ಗ್ರೂಪಿನಲ್ಲಿ ಮೆಸೇಜ್: ‘ಆಂಟಿ ಮನೆಗೆ ಮಕ್ಕಳನ್ನ ಬಿಡೋರು ಒಂದ್ಸಲ ಮೈ ನೋಡ್ಕೊಳ್ಳಿ. ಜಾಸ್ತಿ ಹೇಳಲ್ಲ.’

ಇನ್ನೇನು ಹೇಳಬೇಕಿತ್ತು?

ಅದು ಮಂಗೋಲಿಯನ್ ಸ್ಪಾಟ್. ನಮ್ಮ ದೇಶದ ಬಹಳಷ್ಟು ಮಕ್ಕಳಿಗೆ ಬೆನ್ನಿನ ಕೆಳಗೆ, ಕುಂಡಿಯ ಮೇಲೆ ಹುಟ್ಟಿನಿಂದಲೇ ಇರುತ್ತದೆ. ಕೆಲವು ವರ್ಷಗಳಲ್ಲಿ ತಾನಾಗಿ ಮಾಸುತ್ತದೆ. ಏಟು ಬಿದ್ದು ಕಂದಿದ್ದರೆ ದಿನ ಕಳೆದ ಹಾಗೆ ಹಸಿರು, ಹಳದಿಗೆ ತಿರುಗುತ್ತದೆ. ಇದು ಹಾಗೇ ಇರುತ್ತದೆ. ಆ ಮಗುವಿನ ಹೆತ್ತಮ್ಮನಿಗೆ ಇದು ಗೊತ್ತಿತ್ತು, ಗ್ರೂಪಿನಲ್ಲಿ ಬರೆದರು ಕೂಡ. ಆದರೆ ಅವರು ಮೆಸೇಜ್ ನೋಡಿದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು. ‘ಊರಿಂದ ಅಜ್ಜಿ ಬರ್ತಿದ್ದಾರೆ, ಇನ್ನು ಬೇಡ ಆಂಟಿ’ ಅಂತ ಒಬ್ಬೊಬ್ಬರಾಗಿ ಬಿಟ್ಟರು. ಅಷ್ಟೊಂದು ಅಜ್ಜಿಯರು ಒಂದೇ ವಾರ ಬಸ್ಸು ಹತ್ತಿದರಾ? ದೂರೇ ದಾಖಲಾಗಲಿಲ್ಲ. ಹಾಗಾಗಿ ‘ನಿರಪರಾಧಿ’ ಅಂತ ಹೇಳುವವರೂ ಯಾರೂ ಇಲ್ಲ.

ದೂರು ದಾಖಲಾದರೆ ಇನ್ನೂ ಕಷ್ಟ. ಅಮೆರಿಕದ ಆಸ್ಟಿನ್‌ನಲ್ಲಿ ಫ್ರಾನ್ ಮತ್ತು ಡ್ಯಾನ್ ಕೆಲ್ಲರ್ ದಂಪತಿ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದರು. 1991ರಲ್ಲಿ ಆರೋಪ ಬಂತು, 1992ರಲ್ಲಿ 48 ವರ್ಷ ಶಿಕ್ಷೆಯಾಯಿತು. ಮಗುವಿಗೆ ಗಾಯವಾಗಿದೆ ಎಂದು ಸಾಕ್ಷಿ ಹೇಳಿದ್ದ ಡಾಕ್ಟರೇ ಮುಂದೆ, ಅದು ಗಾಯವಲ್ಲ, ನಾನೇ ತಪ್ಪು ತಿಳಿದೆ ಅಂದರು. ಇಬ್ಬರೂ ಹೊರಗೆ ಬಂದದ್ದು 2013ರಲ್ಲಿ. ನಿರಪರಾಧಿಗಳು ಅಂತ ಒಪ್ಪಿಕೊಂಡದ್ದು 2017ರಲ್ಲಿ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 22ನೇ ಸೆಕ್ಷನ್ ಇದೆಯಲ್ಲ ಅಂತಾರೆ. ಅದು ಮಾನ ಕಳೆಯಲು, ಹಣ ಕೀಳಲು ಬೇಕೆಂದೇ ಕೊಟ್ಟ ಸುಳ್ಳು ದೂರಿಗೆ. ಗಾಬರಿಯಲ್ಲಿ ಕೊಟ್ಟ ದೂರಿಗೆ ಅಲ್ಲ, ಆಗಲೂಬಾರದು. ಅದೇ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಗುರುತು, ಮನೆ, ನೆರೆಹೊರೆ ಯಾವುದನ್ನೂ ಮಾಧ್ಯಮ ಹೊರಹಾಕಬಾರದು ಅನ್ನುತ್ತದೆ. ನಾಲ್ಕೈದು ಮಕ್ಕಳಿರುವ ಮನೆಯ ಆಂಟಿಯ ಹೆಸರು ಹೇಳಿದರೆ ಮಗು ಯಾವುದು ಅಂತ ಬೀದಿಗೆಲ್ಲ ಗೊತ್ತಾಗಲ್ವಾ? ಇಂಗ್ಲೆಂಡಿನಲ್ಲಿ 2012ರಿಂದ, ವಿದ್ಯಾರ್ಥಿಯ ಮೇಲೆ ಅಪರಾಧ ಎಸಗಿದ ಆರೋಪ ಬಂದ ಶಾಲಾ ಶಿಕ್ಷಕರ ಹೆಸರನ್ನು ಅಧಿಕೃತವಾಗಿ ಆರೋಪ ಹೊರಿಸುವ ತನಕ ಪ್ರಕಟಿಸುವಂತಿಲ್ಲ. ಅಲ್ಲೇನೂ ದೂರು ಕೊಡುವುದು ನಿಂತಿಲ್ಲ.

ವಿರೋಧ: ಗುಟ್ಟು ಯಾರಿಗೆ ಅನುಕೂಲ?

ನನ್ನ ಪಾಲಿಗೆ ಬಂದದ್ದು ವಿರೋಧದ ಕಡೆ. ಸರಿ, ಬರೆಯುತ್ತೇನೆ.

ಮನೆಯ ಡೇಕೇರ್‌ನಲ್ಲಿ ಬಾಗಿಲು ಹಾಕಿದರೆ ಒಳಗೆ ದೊಡ್ಡವರು ಒಬ್ಬರೇ. ಎರಡು ವರ್ಷದ ಮಗು ಹೇಳಲಾರದು. ಒಂದು ಮನೆಯವರು ದೂರು ಕೊಟ್ಟ ಸುದ್ದಿ ಕೇಳಿದ ಮೇಲೆಯೇ ಇನ್ನೊಂದು ಮನೆಯವರಿಗೆ ‘ನಮ್ಮ ಮಗುವೂ ಅಲ್ಲಿಗೆ ಹೋಗಲು ಹಟ ಮಾಡ್ತಿತ್ತಲ್ಲ’ ಅಂತ ಹೊಳೆಯುವುದು. ಹೆಸರೇ ಗೊತ್ತಾಗದಿದ್ದರೆ ಎಲ್ಲಿಂದ ಹೊಳೆಯಬೇಕು?

ಕಾಯ್ದೆಯ ಒಲವೂ ಈ ಕಡೆಗೇ. ಗೊತ್ತಿದ್ದೂ ದೂರು ಕೊಡದಿದ್ದರೆ ಪೋಕ್ಸೊ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳ ತನಕ ಜೈಲು. ಒಳ್ಳೆಯ ಮನಸ್ಸಿನಿಂದ ಮಾಹಿತಿ ಕೊಟ್ಟವರಿಗೆ ರಕ್ಷಣೆಯಿದೆ. ಮೊದಲೇ ಜನ ಬಾಯಿ ಬಿಡಲು ಹೆದರುತ್ತಾರೆ. ಇವತ್ತು ಹೆಸರು ಹೇಳಬೇಡಿ ಅನ್ನುವವರು ನಾಳೆ ದೂರೇ ಕೊಡಬೇಡಿ ಅನ್ನಲ್ಲ ಅಂತ ಏನು ಗ್ಯಾರಂಟಿ?

ಪರ ಬರೆದವರ ಅತ್ತಿಗೆಗೆ ಆದದ್ದು ಬೇಸರದ ಸಂಗತಿ. ಆದರೆ ಅಲ್ಲಿ ದೂರೇ ಇರಲಿಲ್ಲ. ಬಾಯಿಮಾತನ್ನು ಯಾವ ಕಾನೂನು ಮುಚ್ಚೀತು? ಆಸ್ಟಿನ್ ಕಥೆ ಅಮೆರಿಕದ್ದು, ಅದು ನಮಗೇಕೆ?

ಚಾರ್ಜ್‌ಶೀಟ್ ಹಾಕಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯ ತನಕ ಉಳಿದ ತಂದೆ ತಾಯಿ ಏನೂ ತಿಳಿಯದೆ ಮಗುವನ್ನು ಅದೇ ಮನೆಗೆ ಬಿಟ್ಟು ಆಫೀಸಿಗೆ ಹೋಗಬೇಕಾ? ಆ ನಾಲ್ಕೈದು ಮನೆಗಳಿಗೆ ಮಾತ್ರ ಪೊಲೀಸರು ಖುದ್ದಾಗಿ ಹೋಗಿ ಹೇಳಲಿ, ಟಿವಿಯವರಿಗೆ ಬೇಡ ಅಂದರೆ ನಾನೂ ತಕರಾರು ಮಾಡಲ್ಲ. ಆದರೆ ನನಗೆ ಕೊಟ್ಟ ಪ್ರಶ್ನೆಯಲ್ಲಿ ಆ ಆಯ್ಕೆ ಇರಲಿಲ್ಲ.